ಖಾಲಿ ಪೆಟ್ಟಿಗೆಗೆ ಬಗ್ಗಿ ನೋಡುವ ಚಟ

ಬೆಳಿಗ್ಗೆ ಎದ್ದು ಮುಖಕ್ಕೆ ನೀರು ಹಾಕಿಕೊಳ್ಳುವ ಮುಂಚೆಯೇ ಹಿತ್ತಿಲಿಗೆ ಹೋಗುವುದು, ಕೋಳಿಗೂಡಿಗೆ ತಾಗಿಸಿ ಇಟ್ಟಿರುವ ಪೆಟ್ಟಿಗೆಯ ಮುಚ್ಚಳ ಎತ್ತುವುದು, ಒಣಹುಲ್ಲಿನ ಮೇಲೆ ಕೂತಿರುವ ಪಿಂಗ್‌ಪಾಂಗ್ ಚೆಂಡನ್ನು ನೋಡುವುದು, ಮುಚ್ಚಳ ಹಾಕಿ ವಾಪಸ್ ಬರುವುದು. ಎರಡು ತಿಂಗಳಿಗೂ ಹೆಚ್ಚು ಕಾಲ ನನ್ನ ದಿನ ಶುರುವಾಗಿದ್ದು ಹೀಗೆ. ಚೆಂಡು ಇಟ್ಟವನೂ ನಾನೇ. ಆಗಲೇ ಒಂದು ಮೊಟ್ಟೆ ಇದ್ದರೆ ಇದೇ ಜಾಗ ಎಂದು ಎಳೆ ಹೇಂಟೆಗಳಿಗೆ ಗೊತ್ತಾಗುತ್ತದೆ. ಅದಕ್ಕೇ ಕೋಳಿ ಸಾಕುವವರು ಮರದ್ದೋ ಪಿಂಗಾಣಿಯದ್ದೋ ಸುಳ್ಳು ಮೊಟ್ಟೆ ಇಡುತ್ತಾರೆ. ನಮ್ಮ ಮನೆಯಲ್ಲಿ ಸಿಕ್ಕಿದ್ದು ಚೆಂಡು. ಕೋಳಿಗಳು ಅದಕ್ಕೆ ಮೋಸ ಹೋದವೋ ಇಲ್ಲವೋ, ನಾನಂತೂ ಹೋದೆ. ಒಂದು ದಿನ ಇನ್ನೂ ಮಬ್ಬುಗತ್ತಲಿರುವಾಗ ಕನ್ನಡಕವಿಲ್ಲದೆ ಬಗ್ಗಿ ನೋಡಿ 'ಬಂತೂ!' ಎಂದು ಕೂಗಿ ಮನೆಯವರನ್ನೆಲ್ಲ ಎಬ್ಬಿಸಿದೆ. ಮಗಳು ಕಣ್ಣುಜ್ಜಿಕೊಂಡು ಬಂದಳು, ಕೈಹಾಕಿ ಅದನ್ನು ಎತ್ತಿದಳು, ನೆಲಕ್ಕೆ ಒಂದು ಸಲ ಪುಟಿಸಿದಳು, ಏನೂ ಮಾತಾಡದೆ ಒಳಗೆ ಹೋದಳು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ, ಮರಿಗಳಿಗೆ ಸರಿಯಾಗಿ ಪುಕ್ಕ ಬರುವ ಮೊದಲೇ ಆ ಪೆಟ್ಟಿಗೆ ತಯಾರಾಗಿತ್ತು. ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ನಾಲ್ಕೈದು ಕೋಳಿಗೆ ಒಂದು ಪೆಟ್ಟಿಗೆ ಸಾಕು, ನಾನು ಎರಡು ಮಾಡಿದ್ದೆ. ಮರಗೆಲಸ ಬಲ್ಲವರು ನೋಡಿದರೆ ನಗುತ್ತಾರೆ, ಒಂದು ಮೂಲೆಯೂ ನೆಟ್ಟಗಿಲ್ಲ. ಒಂದು ಸಂಗತಿ ಮಾತ್ರ ಸರಿಯಾಗಿ ಮಾಡಿದ್ದೆ: ರಾತ್ರಿ ಕೂರುವ ಅಡ್ಡಗೋಲನ್ನು ಪೆಟ್ಟಿಗೆಗಿಂತ ಎತ್ತರಕ್ಕೆ ಕಟ್ಟಿದ್ದೆ. ಕೋಳಿ ಮಲಗಲು ಯಾವಾಗಲೂ ಇದ್ದುದರಲ್ಲಿ ಎತ್ತರದ ಜಾಗ ಹುಡುಕುತ್ತದೆ. ಪೆಟ್ಟಿಗೆಯೇ ಎತ್ತರದಲ್ಲಿದ್ದರೆ ಅದರೊಳಗೇ ಮಲಗಿ, ರಾತ್ರಿಯಿಡೀ ಹಿಕ್ಕೆ ಹಾಕಿ, ಬೆಳಿಗ್ಗೆ ಮೊಟ್ಟೆ ಇಡಲು ಬೇರೆ ಕಡೆ ಹೋಗುತ್ತದೆ.

ಮರಿಗಳು ಬಂದಾಗ ವಯಸ್ಸು ಒಂದು ದಿನ. ರಟ್ಟಿನ ಡಬ್ಬದಲ್ಲಿ ಐದು, ಅಂಗೈಯಲ್ಲಿಟ್ಟರೆ ಭಾರವೇ ಗೊತ್ತಾಗದಂಥವು. 21 ದಿನ ಕಾವಿನಲ್ಲಿದ್ದ ಮರಿ ಚಿಪ್ಪು ಒಡೆಯುವ ಸ್ವಲ್ಪ ಮುಂಚೆ ಉಳಿದ ಭಂಡಾರವನ್ನೆಲ್ಲ, ಅಂದರೆ ಮೊಟ್ಟೆಯ ಹಳದಿಯನ್ನೆಲ್ಲ, ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ, ಹಾಗಾಗಿ ಎರಡು ಮೂರು ದಿನ ಕಾಳು ನೀರಿಲ್ಲದೆಯೂ ತಡೆಯುತ್ತದೆ. ಬುತ್ತಿ ಕಟ್ಟಿಕೊಂಡೇ ಹುಟ್ಟುವ ಜೀವ. ಮೊದಲ ವಾರ 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿಯಂತೆ ಇಳಿಸಬೇಕು. ನಾನು ಥರ್ಮಾಮೀಟರ್ ತಂದೆ, ನೋಟ್‌ಬುಕ್ಕಿನಲ್ಲಿ ಕೋಷ್ಟಕ ಹಾಕಿದೆ. ಅಮ್ಮ ಡಬ್ಬದೊಳಗೆ ಇಣುಕಿ, "ಬಲ್ಬಿನ ಕೆಳಗೆ ಗುಂಪು ಕಟ್ಟಿಕೊಂಡು ಕಿರುಚ್ತಿದ್ರೆ ಚಳಿ, ಮೂಲೆಗೆ ಓಡಿ ಬಾಯಿ ಕಳೆದಿದ್ರೆ ಸೆಕೆ, ಎಲ್ಲಂದರಲ್ಲಿ ಬಿದ್ದು ಮಲಗಿದ್ರೆ ಸರಿಯಾಗಿದೆ. ಇದಕ್ಕೆ ಮೀಟರ್ ಯಾಕೋ?" ಎಂದಳು. ಥರ್ಮಾಮೀಟರ್ ಈಗಲೂ ಆ ಡಬ್ಬದಲ್ಲೇ ಇದೆ.

ಆ ದಿನಗಳಲ್ಲಿ ಗೊತ್ತಿಲ್ಲದೆ, ಆಮೇಲೆ ಓದಿ ತಿಳಿದ ಒಂದು ವಿಷಯ ಈಗಲೂ ನನ್ನನ್ನು ಕಾಡುತ್ತದೆ. ಹೆಣ್ಣುಮರಿ ಹುಟ್ಟುವಾಗಲೇ ಅದರ ಅಂಡಾಶಯದಲ್ಲಿ ಮುಂದೆ ಮೊಟ್ಟೆಯಾಗಬಹುದಾದ ಸಾವಿರಾರು ಅಂಡಾಣುಗಳಿರುತ್ತವೆ. ಅದೂ ಎಡಗಡೆಯ ಅಂಡಾಶಯದಲ್ಲಿ ಮಾತ್ರ. ಬಲಗಡೆಯದು ಬೆಳೆಯುವುದೇ ಇಲ್ಲ. ಅಂದರೆ ಅವತ್ತು ನನ್ನ ಅಂಗೈಯಲ್ಲಿ ನಡುಗುತ್ತಿದ್ದ ಹತ್ತಿಯುಂಡೆಯಲ್ಲಿ ನಾನು ಕಾಯಲಿರುವುದೆಲ್ಲ ಆಗಲೇ ಇತ್ತು.

ಹೆಸರಿಟ್ಟವಳು ಮಗಳು. ಚುಕ್ಕಿ, ಕೆಂಚಿ, ಬೂದಿ, ಮಿಣುಕಿ, ರಾಣಿ. ಇವುಗಳಲ್ಲಿ ರಾಣಿಯ ಮೇಲೆ ನನಗೆ ಭಾರಿ ಭರವಸೆ. ಏಳನೇ ವಾರಕ್ಕೇ ಅವಳ ಜುಟ್ಟು ಕೆಂಪಾಗಿ ಎದ್ದು ನಿಂತಿತ್ತು, ಉಳಿದವರದ್ದು ಇನ್ನೂ ಪೇಲವ ಹಳದಿ. ಮೊಟ್ಟೆಗೆ ಬರುವ ಹೇಂಟೆಯ ಜುಟ್ಟು ಕೆಂಪಾಗುತ್ತದೆ ಎಂದು ಓದಿದ್ದೆ, ಹಾಗಾಗಿ ಲೆಕ್ಕ ಸುಲಭ: ಮೊದಲ ಮೊಟ್ಟೆ ರಾಣಿಯದ್ದೇ. ಕಾಲು ದಪ್ಪ, ನಡಿಗೆ ಗತ್ತಿನದ್ದು, ಕಾಳು ಹಾಕಿದರೆ ಮೊದಲು ಬಂದು ನಿಲ್ಲುವವಳು. ಅಮ್ಮ ಮಾತ್ರ ರಾಣಿಯ ಬಾಲದ ಬುಡದ ಪುಕ್ಕಗಳನ್ನು ನೋಡಿ "ಹ್ಞೂಂ" ಎಂದಿದ್ದಳು, ಅಷ್ಟೇ. ಹದಿನಾಲ್ಕನೇ ವಾರದ ಒಂದು ಬೆಳಿಗ್ಗೆ ಗೂಡಿನಿಂದ ತುಕ್ಕು ಹಿಡಿದ ಬಾಗಿಲು ತೆಗೆದಂಥ ಸದ್ದು ಬಂತು. ರಾಣಿ ಅಡ್ಡಗೋಲಿನ ಮೇಲೆ ಕತ್ತು ನೀಳ ಮಾಡಿ ನಿಂತು ಇನ್ನೊಂದು ಸಲ ಪ್ರಯತ್ನಿಸಿದಳು. ಈ ಸಲ ಸ್ಪಷ್ಟವಾಗಿತ್ತು.

ಅಷ್ಟು ಬೇಗ, ಅಷ್ಟು ಕೆಂಪಾಗುವುದು ಹುಂಜದ ಗುರುತು. ಹೇಂಟೆಯ ಬೆನ್ನ ಕೊನೆಯ ಪುಕ್ಕಗಳ ತುದಿ ದುಂಡಗಿರುತ್ತದೆ, ಹುಂಜಕ್ಕೆ ಚೂಪಾಗಿ ಜೋಲುತ್ತದೆ. ಅಮ್ಮ ನೋಡಿದ್ದು ಅದನ್ನು. "ಮೊದಲೇ ಹೇಳಬಾರದಿತ್ತಾ?" ಎಂದರೆ, "ನೀನು ಅಷ್ಟು ಖುಷಿಯಲ್ಲಿದ್ದೆ" ಎಂದಳು. ಮೊಟ್ಟೆ ಇಡಲು ಹೇಂಟೆಗೆ ಹುಂಜ ಬೇಕಾಗಿಲ್ಲ, ಮರಿ ಬೇಕಿದ್ದರೆ ಮಾತ್ರ ಬೇಕು. ಬೆಳಗಿನ ನಾಲ್ಕಕ್ಕೇ ಶುರುವಾಗುವ ಕಛೇರಿಗೆ ಅಕ್ಕಪಕ್ಕದವರು ಎಷ್ಟು ದಿನ ಸುಮ್ಮನಿದ್ದಾರು? ಹತ್ತಾರು ಹೇಂಟೆಗಳಿದ್ದು ಹುಂಜ ಹುಡುಕುತ್ತಿದ್ದವರ ಮನೆಗೆ ರಾಣಿ ಹೋದಳು. ಮಗಳು ಕೊನೆಯವರೆಗೂ 'ಹೋದನು' ಎನ್ನಲಿಲ್ಲ.

ಉಳಿದ ನಾಲ್ಕರಲ್ಲಿ ರಾಣಿಯ ಜಾಗಕ್ಕೆ ಜಗಳ ಹತ್ತಿತು. ಯಾರು ಯಾರನ್ನು ಕುಕ್ಕಬಹುದು, ಯಾರು ಯಾರಿಂದ ಕುಕ್ಕಿಸಿಕೊಳ್ಳಬೇಕು ಎಂಬ ಈ ಶ್ರೇಣಿಯನ್ನು ಮೊದಲು ಕ್ರಮವಾಗಿ ಬರೆದಿಟ್ಟವನು ನಾರ್ವೆಯ ಥೋರ್ಲೈಫ್ ಶೆಲ್ಡೆರುಪ್-ಎಬ್ಬೆ. ಹುಡುಗನಾಗಿದ್ದಾಗಿನಿಂದಲೇ ಕೋಳಿಗಳನ್ನು ನೋಡುತ್ತಾ ಕೂತಿದ್ದವನು ಅದನ್ನೇ 1920ರ ದಶಕದ ಆರಂಭದಲ್ಲಿ ಸಂಶೋಧನೆಯಾಗಿ ಪ್ರಕಟಿಸಿದ. ಈಗ ಕಚೇರಿಗಳ ಬಗ್ಗೆಯೂ ಜನ 'ಪೆಕಿಂಗ್ ಆರ್ಡರ್' ಎಂಬ ಅದೇ ಮಾತು ಬಳಸುತ್ತಾರೆ. ನಮ್ಮ ಹಿತ್ತಿಲಿನಲ್ಲಿ ಒಂದು ವಾರದ ಗಲಾಟೆಯ ನಂತರ ಚುಕ್ಕಿ ಮೇಲೆ, ಕೆಂಚಿ ಎರಡನೆಯವಳು, ಮಿಣುಕಿ ಮೂರನೆಯವಳು. ಬೂದಿ ಎಲ್ಲರಿಂದಲೂ ಕುಕ್ಕಿಸಿಕೊಳ್ಳುವವಳು. ಕಾಳಿನ ಬಟ್ಟಲಿಗೆ ಎಲ್ಲರದ್ದೂ ಆದ ಮೇಲೆ ಬರುತ್ತಾಳೆ, ಬಂದರೂ ಒಂದು ಕಣ್ಣು ಹಿಂದಕ್ಕೆ. ಇನ್ನೊಂದು ಬಟ್ಟಲನ್ನು ದೂರದಲ್ಲಿ, ಮೊದಲನೆಯದರಿಂದ ಕಾಣದ ಹಾಗೆ ಇಟ್ಟೆ. ಚುಕ್ಕಿ ಎರಡು ಬಟ್ಟಲಿಗೂ ಕಾವಲು ಓಡಾಡಲು ಕಲಿತಳು.

ಹದಿನೆಂಟು ವಾರ. ಯಾರನ್ನು ಕೇಳಿದರೂ ಈ ಸಂಖ್ಯೆಯನ್ನೇ ಹೇಳಿದ್ದರು. ಮಗಳು ಕ್ಯಾಲೆಂಡರಿನಲ್ಲಿ ಆ ವಾರಕ್ಕೆ ಹಳದಿ ಬಣ್ಣದ ಮೊಟ್ಟೆ ಬರೆದಿದ್ದಳು. ಆ ವಾರ ಬಂತು, ಹೋಯಿತು. ಹತ್ತೊಂಬತ್ತು, ಇಪ್ಪತ್ತು. ನಾನು ಬಗ್ಗುತ್ತಿದ್ದೆ, ಚೆಂಡು ನನ್ನನ್ನು ನೋಡುತ್ತಿತ್ತು. ಹದಿನೆಂಟು ವಾರ ಎನ್ನುವುದು ಮೊಟ್ಟೆಗೆಂದೇ ತಳಿ ಬೆರೆಸಿ ಬೆಳೆಸಿದ ಫಾರಂ ಕೋಳಿಗಳ ಲೆಕ್ಕ ಎಂದು ಆಮೇಲೆ ಗೊತ್ತಾಯಿತು. ಮೈ ತುಂಬಿದ ದಪ್ಪ ತಳಿಗಳು, ನಾಟಿ ಕೋಳಿಗಳು ಇಪ್ಪತ್ತನಾಲ್ಕು, ಇಪ್ಪತ್ತೆಂಟು ವಾರ ತೆಗೆದುಕೊಂಡರೂ ಅದು ತಡವಲ್ಲ. ಈ ಎಲ್ಲ ಕೋಳಿಗಳ ಮೂಲವಾದ ಕೆಂಪು ಕಾಡುಕೋಳಿ ವರ್ಷವಿಡೀ ಇಡುವುದು ಹತ್ತು ಹದಿನೈದು ಮೊಟ್ಟೆ, ಅದೂ ಮರಿ ಮಾಡಲಿಕ್ಕೆ. ವರ್ಷಕ್ಕೆ ಮುನ್ನೂರು ಎಂಬುದು ಮನುಷ್ಯ ತಲೆತಲಾಂತರದಿಂದ ಆರಿಸಿ ಆರಿಸಿ ಕೋಳಿಯ ಮೈಗೆ ಹೇರಿದ ಸಂಖ್ಯೆ. ಇದೆಲ್ಲ ತಿಳಿದ ಮೇಲೆ ನನ್ನ ಆತುರಕ್ಕೆ ಸ್ವಲ್ಪ ನಾಚಿಕೆಯಾಯಿತು. ಬಗ್ಗಿ ನೋಡುವುದು ನಿಲ್ಲಲಿಲ್ಲ.

ಆತುರದಲ್ಲಿ ಒಂದು ತಪ್ಪನ್ನೂ ಮಾಡಿದ್ದೆ, ಹೇಳಿಬಿಡುತ್ತೇನೆ. ಹದಿನೈದನೇ ವಾರದಲ್ಲಿ ಯಾರೋ, "ಲೇಯರ್ ಫೀಡ್ ಶುರು ಮಾಡಿ, ಬೇಗ ಬರ್ತವೆ" ಎಂದರು. ಬೆಳೆಯುವ ಕೋಳಿಯ ಗ್ರೋವರ್ ಫೀಡ್ ಇನ್ನೂ ಅರ್ಧ ಚೀಲ ಇತ್ತು, ಅದನ್ನು ಬದಿಗಿಟ್ಟು ಹೊಸ ಚೀಲ ಬಿಚ್ಚಿದೆ. ನಾಲ್ಕನೇ ದಿನ, ಬೇರೇನೂ ಕೆಲಸವಿಲ್ಲದೆ ಚೀಲದ ಮೇಲೆ ಬರೆದಿದ್ದನ್ನು ಓದುತ್ತಾ ನಿಂತೆ. ಮೊಟ್ಟೆ ಇಡುವ ಕೋಳಿಯ ಆಹಾರದಲ್ಲಿ ಶೇಕಡಾ 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರುತ್ತದೆ. ಬೆಳೆಯುವ ಕೋಳಿಗೆ ಬೇಕಾಗಿರುವುದು ಸುಮಾರು 1. ಚಿಪ್ಪು ಕಟ್ಟದ ಮೈಗೆ ಅಷ್ಟು ಕ್ಯಾಲ್ಸಿಯಂ ತಿಂಗಳುಗಟ್ಟಲೆ ಸುರಿದರೆ ಅದನ್ನು ಹೊರಹಾಕುವ ಕೆಲಸದಲ್ಲಿ ಮೂತ್ರಪಿಂಡ ಹಾಳಾಗುತ್ತದೆ. ನಾಲ್ಕು ದಿನಕ್ಕೆ ಏನೂ ಆಗಲಿಲ್ಲ, ಆದರೆ ಅವತ್ತು ಆ ಬಟ್ಟಲನ್ನು ಖಾಲಿ ಮಾಡುವಾಗ ಕೈ ನಡುಗಿದ್ದು ನಿಜ. ಅವಸರವೆಲ್ಲ ನನ್ನದು, ಬೆಲೆ ತೆರಬೇಕಾಗಿದ್ದದ್ದು ಅವು.

ಲೇಯರ್ ಫೀಡ್ ಮೊಟ್ಟೆಯನ್ನು ಕರೆತರುವುದಿಲ್ಲ. ಮೊಟ್ಟೆ ಬರುವ ಹೊತ್ತಿಗೆ ಅದು ಇರಬೇಕು, ಅಷ್ಟೇ. ಕರೆತರುವುದು ಮೈ ತೂಕ, ವಯಸ್ಸು, ಎಲ್ಲಕ್ಕಿಂತ ಹೆಚ್ಚಾಗಿ ಬೆಳಕು. ಬೆಳಕು ಕೋಳಿಗೆ ಕಣ್ಣಿನಿಂದ ಮಾತ್ರ ಗೊತ್ತಾಗುವುದಲ್ಲ ಎಂಬುದನ್ನು ನಂಬಲು ನನಗೆ ಸಮಯ ಬೇಕಾಯಿತು. 1930ರ ದಶಕದಲ್ಲಿ ಫ್ರಾನ್ಸಿನ ಝಾಕ್ ಬೆನ್ವಾ ಬಾತುಕೋಳಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ: ಕಣ್ಣಿಲ್ಲದಿದ್ದರೂ ಹಕ್ಕಿಯ ಮೈ ಹಗಲು ಉದ್ದವಾಗುವುದನ್ನು ತಿಳಿಯುತ್ತದೆ. ಬೆಳಕು ಪುಕ್ಕ, ತೊಗಲು, ತೆಳ್ಳನೆಯ ತಲೆಬುರುಡೆ ದಾಟಿ ಮಿದುಳಿನ ಆಳಕ್ಕೆ ಇಳಿಯುತ್ತದೆ, ಅಲ್ಲಿ ಅದನ್ನು ಹಿಡಿಯುವ ಜೀವಕಣಗಳಿವೆ. ಹಗಲು ಸಾಕಷ್ಟು ಉದ್ದವಾಯಿತು ಎಂದು ಆ ಕಣಗಳಿಗೆ ಅನ್ನಿಸಿದರೆ ಹಾರ್ಮೋನುಗಳ ಸಾಲು ಶುರು. ಹದಿನಾಲ್ಕು ಗಂಟೆಯ ಬೆಳಕಿದ್ದರೆ ಚೆನ್ನ, ಹನ್ನೆರಡಕ್ಕಿಂತ ಕಡಿಮೆಯಾಗುತ್ತಾ ಹೋದರೆ ಮೈ ಕೈಕಟ್ಟಿ ಕೂರುತ್ತದೆ. ನಮ್ಮ ಮರಿಗಳನ್ನು ನಾನು ತಂದ ತಿಂಗಳೇ ಎಡವಟ್ಟು. ಅವು ಪ್ರಾಯಕ್ಕೆ ಬರುವ ಹೊತ್ತಿಗೆ ಸರಿಯಾಗಿ ಹಗಲು ದಿನದಿನಕ್ಕೆ ಕುಗ್ಗುತ್ತಿತ್ತು.

ಕುಗ್ಗಿದ ಹಗಲಿಗೆ ತೇಪೆ ಹಾಕೋಣ ಎಂದು ಗೂಡಿನಲ್ಲಿ ಒಂದು ಬಲ್ಬು ಹಾಕಿದೆ. ಸಂಜೆ ಕತ್ತಲಾಗುವಾಗ ಹಾಕಿ ಎಂಟು ಗಂಟೆಗೆ ಆರಿಸುವುದು. ಮೊದಲ ರಾತ್ರಿ ಸ್ವಿಚ್ ಆರಿಸಿ ಒಳಗೆ ಬಂದು ಕೂತಿದ್ದೇನೆ, ಹಿತ್ತಿಲಿನಲ್ಲಿ ಅಳು. ಟಾರ್ಚ್ ಹಿಡಿದು ಹೋದರೆ ನಾಲ್ಕೂ ನೆಲದ ಮೇಲೆ, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಮುಖ ಮಾಡಿ, ಅಲ್ಲಾಡದೆ ನಿಂತು ಕೊರಗುತ್ತಿವೆ. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ. ಸಂಜೆಯ ಬೆಳಕು ಸಣ್ಣಗಾಗುತ್ತಾ ಹೋಗುವಾಗ ಅವು ಕೋಲೇರಿ ಕೂರುತ್ತವೆ; ಬಲ್ಬಿಗೆ ಸಂಜೆ ಎಂಬುದಿಲ್ಲ, ಹಗಲು ಇದ್ದದ್ದು ಚಕ್ಕನೆ ರಾತ್ರಿ. ಒಂದೊಂದನ್ನೇ ಎತ್ತಿ ಕೋಲಿನ ಮೇಲೆ ಕೂರಿಸಿದೆ. ಕೂರಿಸಿದ ತಕ್ಷಣ ಬೆರಳುಗಳು ಕೋಲನ್ನು ತಬ್ಬಿಕೊಂಡು ಮೈ ಸಡಿಲವಾಗುವುದು ಅಂಗೈಗೆ ಗೊತ್ತಾಗುತ್ತಿತ್ತು. ಬೂದಿ ಮಾತ್ರ ನನ್ನ ತೋಳನ್ನು ಬಿಡಲಿಲ್ಲ, ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ಹೆಚ್ಚಿನ ಬೆಳಕನ್ನು ಕೊಡುವುದಾದರೆ ಬೆಳಗಿನ ಜಾವ ಕೊಡಬೇಕು, ಬಲ್ಬು ಆರುವ ಹೊತ್ತಿಗೆ ಹೊರಗೆ ಸೂರ್ಯ ಇರುತ್ತಾನೆ. ಅದನ್ನು ಮಾಡುವವರಿದ್ದಾರೆ, ತಪ್ಪೇನಿಲ್ಲ. ನಾನು ಬಲ್ಬನ್ನೇ ಬಿಚ್ಚಿಟ್ಟೆ. ಆ ಅಳು ಕೇಳಿದ ಮೇಲೆ ಅವುಗಳ ಹಗಲಿಗೆ ಕೈಹಾಕುವ ಮನಸ್ಸಾಗಲಿಲ್ಲ.

ಇಪ್ಪತ್ತೊಂದನೇ ವಾರದಲ್ಲಿ ಅಮ್ಮ ನನ್ನ ಗೋಳು ನೋಡಲಾರದೆ, "ಕೆಂಚೀನ ಹಿಡ್ಕೊಂಡು ಬಾ" ಎಂದಳು. ಕೆಂಚಿಯ ತಲೆಯನ್ನು ತನ್ನ ಕಂಕುಳಿಗೆ ಸಿಕ್ಕಿಸಿಕೊಂಡು, ಬಾಲದ ಕೆಳಗೆ ಬೆರಳಿಟ್ಟು ತಡವಿದಳು. ಅಲ್ಲಿ ಎರಡು ಸಣ್ಣ ಮೂಳೆಗಳ ತುದಿ ಕೈಗೆ ಸಿಗುತ್ತವೆ. ಎಳೆ ಹೇಂಟೆಯಲ್ಲಿ ಅವುಗಳ ನಡುವೆ ಒಂದು ಬೆರಳು ಹಿಡಿಸುವುದೇ ಕಷ್ಟ, ತುದಿ ಗಟ್ಟಿ. ಮೊಟ್ಟೆಗೆ ಹತ್ತಿರವಾದಂತೆ ಅವು ಬಾಗಿ ಅಗಲವಾಗುತ್ತವೆ, ಎರಡು ಬೆರಳು, ಮೂರು ಬೆರಳು. "ಒಂದು," ಎಂದಳು ಅಮ್ಮ. "ಇನ್ನೂ ಒಂದೇ. ಬಿಟ್ಟುಬಿಡೋ ಅದನ್ನ ಅದರ ಪಾಡಿಗೆ. ದಿನಾ ಹೋಗಿ ಮುಚ್ಚಳ ತೆಗೆದು ನೋಡಿದ್ರೆ ಅದಕ್ಕಾದ್ರೂ ಏನು ಅನ್ನಿಸಬೇಡ?" ನನಗೂ ತಡವಿ ತೋರಿಸಿದಳು. ಬೆಚ್ಚಗಿನ ಪುಕ್ಕದೊಳಗೆ ಕೈ ಹೋದಾಗ ಕೆಂಚಿ ಒಂದು ಸಲ ಕೊಸರಿ ಸುಮ್ಮನಾದಳು. ಕೋಳಿಯ ಮೈ ಬಿಸಿ ಸುಮಾರು 41 ಡಿಗ್ರಿ, ನಮ್ಮ ಲೆಕ್ಕದಲ್ಲಿ ಜೋರು ಜ್ವರ.

ಒಂದು ಬೆರಳು ಒಂದೂವರೆಯಾಗುವ ಆ ವಾರಗಳಲ್ಲಿ ಒಳಗೆ ಏನೆಲ್ಲ ನಡೆಯುತ್ತಿತ್ತು ಎಂದು ನೆನೆದರೆ ನನ್ನ 'ಇನ್ನೂ ಏನೂ ಇಲ್ಲ' ಎಂಬ ಗೊಣಗಾಟ ಮೂರ್ಖತನ ಅನ್ನಿಸುತ್ತದೆ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಬೇಕು. ಚಿಪ್ಪು ಕಟ್ಟುವ ಕೆಲಸ ಬಹುಪಾಲು ನಡೆಯುವುದು ರಾತ್ರಿ, ಕೋಳಿ ಕಣ್ಣುಮುಚ್ಚಿ ಕೂತಿರುವಾಗ, ಹೊಟ್ಟೆಗೆ ಏನೂ ಬೀಳದಿರುವಾಗ. ಹಾಗಾದರೆ ಆ ಕ್ಯಾಲ್ಸಿಯಂ ಬರುವುದು ಎಲ್ಲಿಂದ? ಮೊದಲ ಮೊಟ್ಟೆಗೆ ಸುಮಾರು ಎರಡು ವಾರ ಇರುವಾಗ, ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನು ಏರಿದಂತೆ, ಹೇಂಟೆಯ ಕಾಲಿನ ಮೂಳೆಗಳ ಪೊಳ್ಳಿನೊಳಗೆ ಹೊಸದೊಂದು ಮೂಳೆ ಬೆಳೆಯಲು ಶುರುವಾಗುತ್ತದೆ. ಮೈ ಹೊರುವುದಕ್ಕಲ್ಲ, ಬರೀ ಸಂಗ್ರಹಕ್ಕೆ. ರಾತ್ರಿ ಅಲ್ಲಿಂದ ತೆಗೆದು ಚಿಪ್ಪಿಗೆ ಕೊಡುತ್ತದೆ, ಹಗಲು ತಿಂದದ್ದರಿಂದ ಮತ್ತೆ ತುಂಬಿಸುತ್ತದೆ. ಮೂಳೆಯೊಳಗೇ ಒಂದು ಕಣಜ. ಹುಂಜಕ್ಕೆ ಅದಿಲ್ಲ, ಮೊಟ್ಟೆಗೆ ಬರುವ ಮುಂಚಿನ ಹೆಣ್ಣುಮರಿಗೂ ಇಲ್ಲ. ಭಂಡಾರಕ್ಕೂ ಹೀಗೆಯೇ ತಯಾರಿ: ತಿಂಗಳುಗಟ್ಟಲೆ ಸಾಸಿವೆಯಷ್ಟಿದ್ದ ಅಂಡಾಣು ಕೊನೆಯ ಎಂಟು ಹತ್ತು ದಿನಗಳಲ್ಲಿ ಪದರದ ಮೇಲೆ ಪದರ ಹಾಕಿಕೊಂಡು ನಮಗೆ ಗೊತ್ತಿರುವ ಹಳದಿ ಗೋಲಿಯಾಗುತ್ತದೆ. ನಾನು ಪೆಟ್ಟಿಗೆ ಖಾಲಿ ಎಂದು ಬೈದುಕೊಳ್ಳುತ್ತಿದ್ದ ಬೆಳಗುಗಳಲ್ಲೇ ಕೋಳಿ ಕಣಜ ಕಟ್ಟುತ್ತಿತ್ತು. ತಡ ಮಾಡುತ್ತಿದ್ದುದು ಅದಲ್ಲ, ಬೇಗ ಬಂದು ಬಾಗಿಲು ತಟ್ಟಿದವನು ನಾನು.

ಇಪ್ಪತ್ಮೂರನೇ ವಾರ ಕೆಂಚಿಗೆ ಏನೋ ಆಯಿತು. ನೀರು ಬದಲಿಸಲು ಹೋದರೆ ಓಡುವ ಬದಲು ಕಾಲು ಮಡಚಿ, ರೆಕ್ಕೆ ಸ್ವಲ್ಪ ಅಗಲಿಸಿ ನೆಲಕ್ಕೆ ಅಂಟಿ ಕೂತಳು. ಬೆನ್ನು ಮುಟ್ಟಿದರೆ ಇನ್ನಷ್ಟು ತಗ್ಗಿದಳು, ಕೈ ತೆಗೆದ ಮೇಲೆ ಎದ್ದು ಮೈ ಕೊಡವಿಕೊಂಡು ಹೋದಳು. ಕಾಲಿಗೇನೋ ಬಂದಿದೆ ಎಂದು ಗಾಬರಿಯಾಗಿ ಅಮ್ಮನನ್ನು ಕರೆದೆ. ಅಮ್ಮ ನಕ್ಕಳು. ಹುಂಜ ಹತ್ತಿರ ಬಂದರೆ ಹೇಂಟೆ ಹಾಗೆ ಕೂರುತ್ತದೆ. ಹುಂಜವಿಲ್ಲದ ಮನೆಯಲ್ಲಿ ಕಾಳು ಹಾಕುವವನ ಮುಂದೆ ಕೂರುತ್ತದೆ. ಹಾಗೆ ಕೂರಲು ಶುರುಮಾಡಿದರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಮೊಟ್ಟೆ. ಅಷ್ಟರಲ್ಲಿ ಅವಳ ಜುಟ್ಟು ನಿಜವಾಗಿಯೂ ಕೆಂಪಾಗಿತ್ತು, ಕೊಕ್ಕಿನ ಕೆಳಗೆ ಜೋಲುವ ತೊಗಲೂ ತುಂಬಿಕೊಂಡಿತ್ತು. ಮುಚ್ಚಳ ಎತ್ತಿದರೆ ಹುಲ್ಲು ಕದಡಿರುತ್ತಿತ್ತು, ಚೆಂಡು ಮೂಲೆಗೆ ಸರಿದಿರುತ್ತಿತ್ತು. ಮನೆ ಬಾಡಿಗೆಗೆ ನೋಡಲು ಬಂದವರ ಹಾಗೆ ಕೆಂಚಿ ಎರಡೂ ಪೆಟ್ಟಿಗೆಗಳನ್ನು ಹೊಕ್ಕು, ಸುತ್ತು ತಿರುಗಿ, ಏನೋ ಗೊಣಗಿಕೊಂಡು ಹೊರಗೆ ಬರುತ್ತಿದ್ದಳು.

ಮೊದಲ ಮೊಟ್ಟೆಯನ್ನು ನಾನು ಗೊಬ್ಬರದ ಗುಂಡಿಗೆ ಎಸೆದೆ.

ಬೇಕೆಂದು ಎಸೆದದ್ದಲ್ಲ. ಇಪ್ಪತ್ತನಾಲ್ಕನೇ ವಾರದ ಒಂದು ಬೆಳಿಗ್ಗೆ ಗೂಡು ಗುಡಿಸುವಾಗ, ಅಡ್ಡಗೋಲಿನ ನೇರ ಕೆಳಗೆ, ರಾತ್ರಿಯ ಹಿಕ್ಕೆಯ ನಡುವೆ ಒಂದು ಒದ್ದೆ ತೊಗಲಿನ ಚೂರು ಸಿಕ್ಕಿತು. ಬಿಳಿಚಿಕೊಂಡದ್ದು, ತೆಳ್ಳಗೆ, ನೀರಿಗೆ ಬಿದ್ದ ಕಾಗದದಂತೆ ಮುದುಡಿತ್ತು. ಸುತ್ತ ಮರದ ಹೊಟ್ಟು ಅಂಟಂಟಾಗಿ ಹಳದಿಯಾಗಿತ್ತು. ಯಾರಿಗೋ ಭೇದಿಯಾಗಿದೆ ಎಂದುಕೊಂಡೆ. ಎಲ್ಲವನ್ನೂ ಬಾಚಿ, ಗುಂಡಿಗೆ ಹಾಕಿ, ಮೇಲೆ ಬೂದಿ ಸುರಿದು ಬಂದೆ. ಸಂಜೆ ಹೊತ್ತಿಗೆ, ಚಹಾ ಕುಡಿಯುತ್ತಾ ಕೂತಾಗ, ಏಕಾಏಕಿ ಹೊಳೆಯಿತು. ಹೊಸದಾಗಿ ಮೊಟ್ಟೆಗೆ ಬಂದ ಹೇಂಟೆಯ ಮೈಗೆ ಇನ್ನೂ ಲಯ ಕೂಡಿಬಂದಿರುವುದಿಲ್ಲ. ಕೆಲವೊಮ್ಮೆ ಚಿಪ್ಪು ಹಾಕುವುದನ್ನೇ ಮರೆತು ಬರೀ ಪೊರೆಯಲ್ಲಿ ಸುತ್ತಿ ಕೊಟ್ಟುಬಿಡುತ್ತದೆ, ಅದೂ ಕೂತಲ್ಲೇ, ರಾತ್ರಿ. ಕೆಲವೊಮ್ಮೆ ಎರಡು ಭಂಡಾರ, ಕೆಲವೊಮ್ಮೆ ಭಂಡಾರವೇ ಇಲ್ಲದ ಗೋಲಿಗಾತ್ರದ್ದು. ನಾನು ಓದಿದ್ದೆ. ಐದೂವರೆ ತಿಂಗಳು ಇದಕ್ಕಾಗಿಯೇ ಕಾದಿದ್ದೆ. ಕೋಲಿನಿಂದ ಬಿದ್ದು ಒಡೆದ ಅದನ್ನು ಕೋಳಿಗಳೇ ತಿಂದು, ತಿನ್ನಲಾಗದ ಪೊರೆಯನ್ನು ಬಿಟ್ಟಿದ್ದವು. ಮಗಳಿಗೆ ಹೇಳಲೋ ಬೇಡವೋ ಎಂದು ಯೋಚಿಸಿ, ಹೇಳಿದೆ. ಅವಳು ಗುಂಡಿಯ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತು ಬಂದು ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಚಿಪ್ಪಿಲ್ಲದ ಒಂದು ಮೊಟ್ಟೆ ಬರೆದಳು. ಅಂದರೆ, ಅಂಚಿಗೆ ಗೆರೆ ಎಳೆಯದೆ ಬರೀ ಬಣ್ಣ ಬಳಿದಳು.

ಎರಡು ದಿನದ ನಂತರ ಪೆಟ್ಟಿಗೆಯಲ್ಲಿ, ಚೆಂಡಿನ ಪಕ್ಕದಲ್ಲಿ, ತಿಳಿ ಕಂದು ಬಣ್ಣದ ಒಂದು ಮೊಟ್ಟೆ. 41 ಗ್ರಾಂ. ಅಂಗಡಿಯ ಮೊಟ್ಟೆಯ ಮುಂದೆ ಆಟಿಕೆಯ ಹಾಗೆ. ಒಂದು ಬದಿಗೆ ರಕ್ತದ ಕೂದಲೆಳೆ, ಮೊದಲ ಸಲ ಹಿಗ್ಗಿದ ದಾರಿಯದ್ದು. ಸಿಕ್ಕಿದ್ದು ಹತ್ತೂವರೆಗೆ, ಬಟ್ಟೆ ಒಣಹಾಕಲು ಹೋದ ಅಮ್ಮನಿಗೆ. ಅಷ್ಟು ದಿನ ನಾನು ಬಗ್ಗಿ ನೋಡುತ್ತಿದ್ದುದು ಆರು ಗಂಟೆಗೆ! ಆ ಹೊತ್ತಿಗೆ ಮೊಟ್ಟೆ ಇಡುವ ಕೋಳಿ ಅಪರೂಪ. ಬೆಳಕು ಹರಿದು ಕೆಲವು ಗಂಟೆಗಳಾದ ಮೇಲೆಯೇ ಹೆಚ್ಚಿನವು ಪೆಟ್ಟಿಗೆ ಹತ್ತುವುದು. ಮೊಟ್ಟೆಯ ಬಗ್ಗೆ ಇಷ್ಟೆಲ್ಲ ಓದಿದವನಿಗೆ ಕೋಳಿಯ ಸಮಯ ಯಾವುದು ಎಂದು ಕೇಳಬೇಕು ಅನ್ನಿಸಿರಲಿಲ್ಲ.

ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಬೇಕು. ಭಂಡಾರ ಕಳಚಿ ಕೊಳವೆಗೆ ಬಿದ್ದ ಮೇಲೆ ಬಿಳಿ ಸುತ್ತಲು ಸುಮಾರು ಮೂರು ಗಂಟೆ, ಪೊರೆ ಹೊದಿಸಲು ಒಂದು ಗಂಟೆ ಚಿಲ್ಲರೆ, ಉಳಿದ ಇಪ್ಪತ್ತು ಗಂಟೆ ಚಿಪ್ಪಿಗೇ. ಮೊಟ್ಟೆ ಇಟ್ಟ ಅರ್ಧ ಗಂಟೆಯೊಳಗೆ ಮುಂದಿನ ಭಂಡಾರ ಕಳಚಿಕೊಳ್ಳುತ್ತದೆ. ಹಾಗಾಗಿ ಕೆಂಚಿಯ ಮೊಟ್ಟೆ ಇವತ್ತು ಹತ್ತಕ್ಕೆ, ನಾಳೆ ಹನ್ನೊಂದಕ್ಕೆ, ನಾಡಿದ್ದು ಮಧ್ಯಾಹ್ನ, ಹೀಗೆ ಜಾರುತ್ತಾ ಹೋಗಿ ಇಳಿಹೊತ್ತು ಮುಟ್ಟಿದ ಮೇಲೆ ಒಂದು ದಿನ ರಜೆ. ರಜೆಯ ಮರುದಿನ ಮತ್ತೆ ಬೆಳಿಗ್ಗೆ. ಇದು ತಿಳಿಯುವವರೆಗೆ ಆ ಖಾಲಿ ದಿನ ಬಂದಾಗಲೆಲ್ಲ 'ನಿಂತೇ ಹೋಯಿತಾ' ಎಂದು ನನಗೆ ಹೊಸ ಚಿಂತೆ.

ಒಂದು ಸಲ ಮಾತ್ರ ಹೊತ್ತು ಕೂಡಿಬಂತು. ಪೆಟ್ಟಿಗೆಯಲ್ಲಿದ್ದ ಕೆಂಚಿ ಎದ್ದು ಅರೆನಿಂತ ಭಂಗಿಗೆ ಬಂದಳು, ಕಣ್ಣು ಅರ್ಧ ಮುಚ್ಚಿತ್ತು, ಉಸಿರಿಗೆ ಬಾಲ ಏರಿಳಿಯುತ್ತಿತ್ತು. ನಾನು ಮುಚ್ಚಳದ ಸಂದಿಯಿಂದ ನೋಡುತ್ತಿದ್ದೆ, ನನಗೇ ಅಪರಾಧಿ ಭಾವ. ಮೊಟ್ಟೆ ಬಿದ್ದ ಸದ್ದೇ ಇಲ್ಲ. ಅವಳು ತಿರುಗಿ ಅದನ್ನು ಕೊಕ್ಕಿನಿಂದ ಒಂದು ಸಲ ಮುಟ್ಟಿ ನೋಡಿದಳು, ಜಿಗಿದು ಹೊರಗೆ ಹೋಗಿ ಊರಿಗೆಲ್ಲ ಕೇಳುವ ಹಾಗೆ ಕೊಕ್ಕೊಕ್ಕೋ ಎಂದು ಸಾರಿದಳು. ಕೈಗೆತ್ತಿಕೊಂಡರೆ ಮೊಟ್ಟೆ ಇನ್ನೂ ಒದ್ದೆ, ಎಣ್ಣೆ ಸವರಿದಂತೆ ಮಿನುಗುತ್ತಿತ್ತು. ಗಾಳಿ ತಾಗಿದ ಕಡೆಯಿಂದ ಆ ಮಿನುಗು ಹಿಂದೆ ಸರಿಯುತ್ತಾ ಹೋಗಿ, ನೋಡನೋಡುತ್ತಲೇ ಇಡೀ ಮೊಟ್ಟೆ ಮಂಕಾಗಿ ಒಣಗಿತು. ನನ್ನ ಹೆಬ್ಬೆರಳು ತಾಗಿದ್ದ ಜಾಗದಲ್ಲಿ ಕಂದು ಬಣ್ಣ ಸ್ವಲ್ಪ ಒರೆಸಿಹೋಗಿತ್ತು. ಕಂದು ಬಣ್ಣ ಹಚ್ಚುವುದು ಕೊನೆಯಲ್ಲಿ, ಅದರ ಮೇಲೆ ಚಿಪ್ಪಿನ ಸಣ್ಣ ಸಣ್ಣ ರಂಧ್ರಗಳನ್ನು ಮುಚ್ಚುವ ಒಂದು ಲೇಪ. ಮನೆಯ ಮೊಟ್ಟೆಯನ್ನು ತೊಳೆದಿಡಬೇಡಿ ಎನ್ನುವುದು ಅದಕ್ಕೇ. ತೊಳೆದರೆ ಲೇಪ ಹೋಗುತ್ತದೆ, ಒಳಗೆ ಹೋಗಬಾರದ್ದಕ್ಕೆ ದಾರಿಯಾಗುತ್ತದೆ. ಹೆಬ್ಬೆರಳಿನ ಗುರುತಿದ್ದ ಆ ಮೊಟ್ಟೆಯನ್ನು ತಿನ್ನಲು ಮಗಳು ಮೂರು ದಿನ ಬಿಡಲಿಲ್ಲ.

ಕೆಂಚಿಯ ಹಿಂದೆ ಹತ್ತು ದಿನಕ್ಕೆ ಚುಕ್ಕಿ, ಇನ್ನೊಂದು ವಾರಕ್ಕೆ ಮಿಣುಕಿ. ಮಿಣುಕಿ ಪೆಟ್ಟಿಗೆಯನ್ನು ಒಪ್ಪಲಿಲ್ಲ. ಸೌದೆ ರಾಶಿಯ ಹಿಂದೆ ಆರು ಮೊಟ್ಟೆ ಸೇರಿಸಿಟ್ಟಿದ್ದು ಗೊತ್ತಾದದ್ದು ಅವಳು ಬೇಲಿ ಬದಿಯಿಂದ ಕೂಗುತ್ತಾ ಬಂದಾಗ. ಯಾವುದು ಎಷ್ಟು ಹಳೆಯದೋ ತಿಳಿಯದೆ ಎಲ್ಲವನ್ನೂ ನೀರಿಗೆ ಹಾಕಿ ನೋಡಿದೆವು. ಹಳತಾದಂತೆ ಒಳಗಿನ ಗಾಳಿಗುಳ್ಳೆ ದೊಡ್ಡದಾಗುವುದರಿಂದ ಮೊಟ್ಟೆ ಎದ್ದು ನಿಲ್ಲುತ್ತದೆ, ತೀರಾ ಹಳೆಯದು ತೇಲುತ್ತದೆ. ಆರೂ ತಳದಲ್ಲಿ ಮಲಗಿದವು.

ಬೂದಿಗೆ ಈಗ ಮೂವತ್ತೊಂದನೇ ವಾರ. ಜುಟ್ಟು ಇನ್ನೂ ತಿಳಿಗುಲಾಬಿ. ಮೂವರು ಮಣ್ಣಿನ ಸ್ನಾನಕ್ಕೆ ಇಳಿದಾಗ ನಾನು ಅವಳನ್ನು ಬದಿಗೆ ಕರೆದು ಅಂಗೈಯಲ್ಲಿ ಕಾಳು ಕೊಡುತ್ತೇನೆ; ಬೇರೆಯವರಿಗೆ ಕಾಣದ ಹಾಗೆ ಬೇಗ ಬೇಗ ತಿನ್ನುತ್ತಾಳೆ. ಹೋದ ವಾರ ಅಮ್ಮ ತಡವಿ ನೋಡಿ, "ಒಂದೂವರೆ ಅನ್ನಬಹುದು" ಎಂದಳು. ಅದು ನಿಜವಾಗಿ ಒಂದೂವರೆಯೋ ನನ್ನ ಮುಖ ನೋಡಿ ಹೇಳಿದ್ದೋ, ಕೇಳಲಿಲ್ಲ. ಮಗಳು ಕ್ಯಾಲೆಂಡರಿನಲ್ಲಿ ಅವಳಿಗೆ ಯಾವ ವಾರವನ್ನೂ ಗುರುತು ಮಾಡಿಲ್ಲ.

ಇವತ್ತು ಒಂಬತ್ತೂವರೆಗೆ, ಚುಕ್ಕಿ ಇಳಿದುಹೋದ ಮೇಲೆ, ಬೂದಿ ಪೆಟ್ಟಿಗೆ ಹತ್ತಿದಳು. ಅತ್ತಿತ್ತ ನೋಡಿ ಒಳಗೆ ಹೋದಳು. ಹುಲ್ಲನ್ನು ಕಾಲಿನಿಂದ ಕೆದಕುವ ಸದ್ದು, ಮತ್ತೆ ಮೌನ, ಮತ್ತೆ ಕೆದಕುವ ಸದ್ದು. ಪಿಂಗ್‌ಪಾಂಗ್ ಚೆಂಡು ಪೆಟ್ಟಿಗೆಯ ಬಾಯಿಂದ ಉರುಳಿ ಬಂದು ನೆಲಕ್ಕೆ ಬಿದ್ದು ಎರಡು ಸಲ ಪುಟಿಯಿತು. ಅವಳು ಕತ್ತು ಹೊರಗೆ ಹಾಕಿ ಅದನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಬಟ್ಟೆ ಹಗ್ಗದ ಹಿಂದೆ ಸರಿದು ನಿಂತೆ.